ಅಮ್ಮನ ರಾಮನಾಮದ ಚೀಟಿಗಳು

ಮೂರು ವರ್ಷಗಳ ಹಿಂದೆ ಆಷಾಢದ ಒಂದು ಗುರುವಾರ ಬೆಳಿಗ್ಗೆ, ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನ ಹತ್ತಿರ ರಸ್ತೆ ದಾಟುತ್ತಿದ್ದ ನನ್ನ ತಂದೆಗೆ ಗೂಡ್ಸ್ ಟೆಂಪೊ ಡಿಕ್ಕಿ ಹೊಡೆಯಿತು. ಮೂರು ದಿನ ಐಸಿಯುನಲ್ಲಿದ್ದು ತೀರಿಕೊಂಡರು. ಮನೆಯ ವಿಷಯ ಹೊರಗೆ ಹೇಳುವ ಅಭ್ಯಾಸ ನನಗಿಲ್ಲ. ಆದರೆ ಆಂಜನೇಯಸ್ವಾಮಿ ನಮಗೆ ಮಾಡಿದ್ದನ್ನು ಮುಚ್ಚಿಟ್ಟರೆ ಕೃತಘ್ನತೆಯಾದೀತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೊಸಹಳ್ಳಿಯವರು. ಅಪ್ಪ ಹತ್ತೊಂಬತ್ತು ವರ್ಷ ಒಂದೇ ಗಾರ್ಮೆಂಟ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ನಾನು ಗ್ರಂಥಾಲಯ ವಿಜ್ಞಾನ ಓದಿ ಆಗಷ್ಟೇ ಕೆಲಸ ಹುಡುಕುತ್ತಿದ್ದೆ. ಅಮ್ಮನೂ ನಾನೂ ವಿಜಯನಗರದ ವಕೀಲರೊಬ್ಬರ ಹತ್ತಿರ ಹೋದೆವು.

“ಹೆಂಡತಿ, ಮಕ್ಕಳು, ಅವರನ್ನೇ ನಂಬಿಕೊಂಡಿದ್ದ ತಂದೆ ತಾಯಿ, ಎಲ್ಲರೂ ಪರಿಹಾರ ಕೇಳ್ಬಹುದು,” ಎಂದರು ಆಕೆ. “ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ವಯಸ್ಸಿನ ದಾಖಲೆ ತನ್ನಿ. ಖಾಲಿ ಪೇಪರಿಗೆ ಯಾರು ಕೇಳಿದ್ರೂ ಸೈನ್ ಹಾಕ್ಬೇಡಿ. ಕೆಲಸಕ್ಕೇನು ದಾಖಲೆ ಇದೆ?”

ಏನೂ ಇರಲಿಲ್ಲ. ಸಂಬಳ ಕೈಗೇ ಬರುತ್ತಿತ್ತು. ಯೂನಿಟ್ ಮಾಲೀಕರನ್ನು ಕೇಳಿದರೆ, “ಆವಾಗಾವಾಗ ಬಂದು ಹೋಗ್ತಿದ್ರು, ಅಷ್ಟೇ ಕಣಮ್ಮ” ಎಂದರು. ಪಿಎಫ್ ಕಟ್ಟದೆ ಇಟ್ಟುಕೊಂಡಿದ್ದು ಹೊರಬೀಳುವ ಭಯ ಅವರಿಗೆ. ಅರ್ಜಿ ಹಾಕಿದ ಮೇಲೆ, ಮೃತರಿಗೆ ಉದ್ಯೋಗವೇ ಇರಲಿಲ್ಲ ಎಂದು ಟೆಂಪೊದ ವಿಮಾ ಕಂಪನಿ ಕೋರ್ಟಿಗೆ ಉತ್ತರ ಕೊಟ್ಟಿತು. ದಾಖಲೆ ಇಲ್ಲದಿದ್ದರೆ ಕೋರ್ಟು ಅಂದಾಜಿನ ಆದಾಯ ಹಿಡಿಯುತ್ತದೆ, ಅಪ್ಪನ ಕಸುಬು ಲೆಕ್ಕಕ್ಕೇ ಬರುವುದಿಲ್ಲ ಎಂದು ವಕೀಲರು ವಿವರಿಸಿದರು.

ಅಮ್ಮನಿಗೆ ನೋವಾದದ್ದು ಒಂದೇ ಮಾತಿಗೆ. “ಹತ್ತೊಂಬತ್ತು ವರ್ಷ ಕತ್ತರಿ ಹಿಡಿದವರನ್ನ ಕೆಲಸ ಇಲ್ಲದವರು ಅಂತ ಬರೆದಿದಾರಲ್ಲೇ.”

ವಿಚಾರಣೆ ಒಂದೂವರೆ ವರ್ಷ ಎಳೆಯಿತು. ಕೊನೆಗೆ ವಿಮಾ ಕಂಪನಿಯವರು ಕಡಿಮೆಗೆ ರಾಜಿ ಮಾಡಿಕೊಳ್ಳಲು ಕರೆದರು. ಸೋಮವಾರ ಸೈನ್ ಹಾಕುವುದೆಂದು ಇಬ್ಬರೂ ಒಪ್ಪಿಕೊಂಡೆವು.

ಅದರ ಹಿಂದಿನ ಶನಿವಾರ ನಮ್ಮ ಬೀದಿಯ ಆಂಜನೇಯನ ಗುಡಿಗೆ ಹೋದೆ. ಅಪ್ಪನ ಕೆಲಸದ ಹೆಸರೊಂದು ಉಳಿಯಲಿ ಸ್ವಾಮಿ, ಅಷ್ಟು ಸಾಕು ಎಂದು ಬೇಡಿಕೊಂಡೆ. ಪ್ರದಕ್ಷಿಣೆ ಮುಗಿಸುವಾಗ ಅರ್ಚಕರು ಕರೆದರು.

“ನಿಮ್ಮಮ್ಮ ರಾಮಕೋಟಿ ಬರೆದು ಕೊಟ್ಟ ಗಂಟು ಇಲ್ಲೇ ಇದೆ ಕಣಮ್ಮ. ನಾಳೆ ಹೊಸ ಮಂಟಪದ ತಳಪಾಯಕ್ಕೆ ಎಲ್ಲರ ಗಂಟೂ ಇಡ್ತೀವಿ. ಮೇಲಿನ ಹೆಸರು ಅಳಿಸಿಹೋಗಿದೆ, ಬರ್ಕೊಟ್ಟು ಹೋಗು.”

ಅಪ್ಪ ಯೂನಿಟ್‌ನಿಂದ ತರುತ್ತಿದ್ದ, ಲೆಕ್ಕ ಮುಗಿದ ಚೀಟಿಗಳ ಖಾಲಿ ಬದಿಯಲ್ಲೇ ಅಮ್ಮ ರಾಮನಾಮ ಬರೆಯುತ್ತಿದ್ದರು. ದೇವರ ಹೆಸರನ್ನು ರದ್ದಿಯ ಮೇಲೆ ಬರೆಯಬೇಡ ಎಂದು ನಾನು ಎಷ್ಟೋ ಸಲ ಬೈದು, ಹೊಸ ನೋಟ್‌ಬುಕ್ ತಂದುಕೊಟ್ಟಿದ್ದೆ. ಅದನ್ನು ಅವರು ಮುಟ್ಟಿರಲಿಲ್ಲ. ಚೀಟಿಯ ಇನ್ನೊಂದು ಬದಿಯಲ್ಲಿ ಏನಿದೆ ಎಂದು ನಾವಿಬ್ಬರೂ ಯಾವತ್ತೂ ಗಮನಿಸಿರಲಿಲ್ಲ. ಗಂಟಿನ ದಾರ ಸಡಿಲವಾಗಿತ್ತು. ಒಂದು ಚೀಟಿಯನ್ನು ತಿರುಗಿಸಿ ನೋಡಿದೆ. ತಾರೀಖು, ಕತ್ತರಿಸಿದ ಪೀಸುಗಳ ಸಂಖ್ಯೆ, ‘ಕಟಿಂಗ್ ಮಾಸ್ಟರ್’ ಎಂಬುದರ ಮುಂದೆ ಅಪ್ಪನ ಹೆಸರು, ಕೆಳಗೆ ಸೂಪರ್‌ವೈಸರ್ ಸಹಿ. ಮುಂದಿನ ಚೀಟಿಯೂ ಹಾಗೆಯೇ. ಜಗಲಿಯ ಮೇಲೆ ಕೂತು ಇನ್ನಷ್ಟು ಚೀಟಿ ತಿರುಗಿಸಿದೆ.

“ಇದನ್ನ ವಾಪಸ್ ತಗೊಂಡು ಹೋಗ್ಬಹುದಾ?”

“ಅರ್ಪಿಸಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನಮ್ಮ?” ಎಂದ ಅರ್ಚಕರು ಚೀಟಿಯನ್ನು ಇಸಿದುಕೊಂಡು ಎರಡೂ ಬದಿ ಓದಿದರು. “ತಗೊಂಡ್ಹೋಗು. ಅವನು ಇಷ್ಟು ದಿನ ಇಟ್ಕೊಂಡಿದ್ದು ಇದಕ್ಕೇ ಇರ್ಬೇಕು.”

ರಾಜಿಗೆ ಹೋಗಲಿಲ್ಲ. ಭಾನುವಾರವೆಲ್ಲ ಕೂತು ಹನ್ನೊಂದು ವರ್ಷದ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದೆ. ಸಹಿ ಹಾಕಿದವರೇ ಬಂದು ಸಾಕ್ಷಿ ಹೇಳಬೇಕೆಂದರು ವಕೀಲರು. ಸೂಪರ್‌ವೈಸರ್ ಅತ್ತಿಗುಪ್ಪೆಯಲ್ಲಿದ್ದರು, ಈಗಲೂ ಅದೇ ಮಾಲೀಕರ ಕೈಕೆಳಗೆ.

“ನನ್ನ ಹೊಟ್ಟೆ ಮೇಲೆ ಹೊಡೀಬೇಡಮ್ಮ,” ಎಂದು ಬಾಗಿಲಲ್ಲೇ ಕೈಮುಗಿದರು. ನಾನು ಒಂದು ಚೀಟಿ ಕೊಟ್ಟೆ. ತಮ್ಮ ಸಹಿ ನೋಡಿದರು, ತಿರುಗಿಸಿದರು. ಸಾಲುಸಾಲು ರಾಮನಾಮ. “ಹಿಂದ್ಗಡೆ ರಾಮ, ಮುಂದ್ಗಡೆ ನನ್ನ ಸೈನು. ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಬರ್ತೀನಿ,” ಎಂದರು. ಬಂದರು, ಹತ್ತೊಂಬತ್ತು ವರ್ಷಕ್ಕೂ ಸಾಕ್ಷಿ ಹೇಳಿದರು.

ಕೋರ್ಟಿನಲ್ಲಿ ಕಂಪನಿಯ ವಕೀಲರು ಅಮ್ಮನನ್ನು ಕೆಣಕಿದರು. “ಏನಮ್ಮ, ರದ್ದಿ ಪೇಪರ್ ತಂದು ಸಾಕ್ಷಿ ಅಂತೀರಾ?”

“ಹೌದು ಸಾರ್, ನನ್ ಮಗಳೂ ರದ್ದಿ ಅಂತಾನೇ ಬೈತಿದ್ಲು.”

ನ್ಯಾಯಾಧೀಶರೂ ನಕ್ಕರು.

ಕಳೆದ ತಿಂಗಳು ತೀರ್ಪು ಬಂತು. ನನ್ನ ತಂದೆ ಹತ್ತೊಂಬತ್ತು ವರ್ಷ ದುಡಿದ ನುರಿತ ಕಟಿಂಗ್ ಮಾಸ್ಟರ್ ಎಂದು ನ್ಯಾಯಮಂಡಳಿ ಬರೆಯಿತು. ಆ ಕಸುಬಿಗೆ ತಕ್ಕ ಪರಿಹಾರವನ್ನು ಬಡ್ಡಿಸಮೇತ ಕೊಡಲು ಆದೇಶಿಸಿತು. ಅಮ್ಮ ‘ಕಟಿಂಗ್ ಮಾಸ್ಟರ್’ ಎಂದಿದ್ದ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಚೀಟಿಗಳು ಸದ್ಯಕ್ಕೆ ಕೋರ್ಟಿನ ಕಡತದಲ್ಲೇ ಇರುತ್ತವೆ ಎಂದು ವಕೀಲರು ಹೇಳಿದಾಗ, “ಇರ್ಲಿ ಬಿಡಿ ಮೇಡಂ, ಅಲ್ಲೂ ರಾಮನಾಮ ಇರ್ಲಿ” ಎಂದರು.

ಕೋರ್ಟಿಗೆ ಹೋದಷ್ಟು ನಾಮಗಳನ್ನು ಮತ್ತೆ ಬರೆದು ಸ್ವಾಮಿಗೆ ಒಪ್ಪಿಸಬೇಕೆಂದು ಅಮ್ಮ ಈಗ ದಿನವೂ ಕೂರುತ್ತಾರೆ. ಮೊದಲ ದಿನ ಹಾಳೆ ಕೇಳಿದರು. ತೀರ್ಪಿನ ಜೆರಾಕ್ಸ್ ಪ್ರತಿಯ ಖಾಲಿ ಬದಿಯನ್ನು ಮೇಲೆ ಮಾಡಿ ನಾನೇ ಕೊಟ್ಟೆ.