ಬೆನ್ನು ತಿರುಗಿಸಿ ಹಂಚಿದ ಆನೆ

ಹಂಚುವ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ನಿವೃತ್ತಿಯಾಗುವವರೆಗೂ ಇತ್ತು. ಕುಷ್ಟಗಿ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಸ್ವಾತಂತ್ರ್ಯ ದಿನದ ಬುಂದಿ ಲಾಡು ಎಂಟು ಕಡಿಮೆ ಬಿದ್ದರೂ ಯಾವ ಮಗುವಿನ ಮೋರೆಯೂ ಸಣ್ಣದಾಗದಂತೆ ಹಂಚಿ ಮುಗಿಸುತ್ತಿದ್ದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಮಾತು ನನ್ನ ಬಗ್ಗೆ ಯಾರೂ ಆಡಿದ್ದಿಲ್ಲ. ಈಗ ಆ ಜಂಬ ಉಳಿದಿಲ್ಲ. ಐದು ಕಟ್ಟಿಗೆಯ ಗೊಂಬೆಗಳನ್ನು ಐದು ಜನ ದೊಡ್ಡವರಿಗೆ ಹಂಚಲು ಹೋಗಿ ಅದನ್ನು ಕಳೆದುಕೊಂಡೆ.

ನಿವೃತ್ತಿಯ ನಂತರ ಕೊಪ್ಪಳದ ಒಂದು ಸಂಸ್ಥೆಯವರು ನನ್ನನ್ನು ಹುಡುಕಿಕೊಂಡು ಬಂದರು. ಸೋಮವಾರ ಮತ್ತು ಗುರುವಾರ ಕುಷ್ಟಗಿಯ ತಾಲ್ಲೂಕು ಕಚೇರಿ ಬಯಲಿನ ಬೇವಿನ ಮರದ ಕೆಳಗೆ ಕೂತು, ಓದು ಬಾರದವರಿಗೆ ಪುಕ್ಕಟೆಯಾಗಿ ಅರ್ಜಿ ಬರೆದುಕೊಡುವ ಸೇವೆ ಅದು. ವೃದ್ಧಾಪ್ಯ ವೇತನ, ವಿಧವಾ ವೇತನ, ರೇಷನ್ ಕಾರ್ಡು, ಆಧಾರಿನಲ್ಲಿ ತಪ್ಪಾದ ಹೆಸರು, ಹೀಗೆ. ನಾನು ಮೇಲ್ವಿಚಾರಣೆ ನೋಡಬೇಕು. ಬರೆಯಲು ಬಂದವರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರು, ಎಲ್ಲರ ಬಾಯಲ್ಲಿ ಚಾಚಾ. ಇನ್ನೊಬ್ಬರು ಮೆಡಿಕಲ್ ಅಂಗಡಿಯ ಮಾಲೀಕರು. ದಾಳಿಂಬೆ ತೋಟದ ಗಂಡ ಹೆಂಡತಿ ಇಬ್ಬರು. ಕೆಲವು ತಿಂಗಳಾದ ಮೇಲೆ ತಾವರಗೇರಾದಿಂದ ಒಬ್ಬ ಹುಡುಗಿ ಸೇರಿಕೊಂಡಳು, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು.

ಇವರಲ್ಲಿ ಚಾಚಾನ ರೀತಿಯೇ ಬೇರೆ. ಅರ್ಜಿಗೆ ನಿಂತ ಜನರ ಪಾಳೆ ಎಷ್ಟೇ ಉದ್ದವಿರಲಿ, ಅವರು ಮೊದಲು ಎದ್ದು ಅದರ ಕೊನೆಯವರೆಗೂ ನಡೆದು ಬರುತ್ತಿದ್ದರು. ಚೀಲದ ತುಂಬ ಹಳೆಯ ಕಾಗದ ತುಂಬಿಕೊಂಡು ಕಕ್ಕಾಬಿಕ್ಕಿಯಾಗಿ ನಿಂತ ಮುದುಕಿಯೋ, ಕಿವಿ ಕೇಳದ ಮುದುಕನೋ ಕಂಡರೆ ಕೈ ಹಿಡಿದು ತಮ್ಮ ಬೆಂಚಿಗೆ ಕರೆದುಕೊಂಡು ಬರುವರು. ಗಂಡನ ಹೆಸರು ಒಂದು ಕಾಗದದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು, ಸತ್ತದ್ದಕ್ಕೆ ದಾಖಲೆಯಿಲ್ಲ, ಇಂಥವೇ ಅವರಿಗೆ ಬೇಕು. ಮೂವತ್ತು ವರ್ಷ ಇದೇ ಊರುಗಳ ಬಸ್ಸಿನಲ್ಲಿ ಓಡಾಡಿದವರಾದ್ದರಿಂದ ಯಾರು ಯಾವ ಓಣಿಯವರು, ಯಾರ ಮಗಳು, ಸಾಕ್ಷಿಗೆ ಯಾರನ್ನು ಕರೆಸಬೇಕು ಎಂಬುದೆಲ್ಲ ಬಾಯಿಪಾಠ. ಒಂದೊಂದು ಅರ್ಜಿಗೆ ಇಡೀ ದಿನ ಹಿಡಿಯುತ್ತಿತ್ತು. ಮುಂದೆ ನಿಂತವರು ಗೊಣಗಿದರೆ ಕೇಳಿಸದವರಂತೆ ಕೂತುಬಿಡುವರು.

ಸೇವೆ ಮಾಡಿದವರನ್ನು ಗುರುತಿಸಬೇಕೆಂದು ಸಂಸ್ಥೆಯವರು ಒಂದು ಯೋಜನೆ ಮಾಡಿದರು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಒಂದು ಕಿನ್ನಾಳದ ಕಟ್ಟಿಗೆ ಗೊಂಬೆ. ಗಿಳಿ, ಕುದುರೆ, ಎತ್ತು, ನವಿಲು, ಆನೆ, ಐದೂ ಸೇರಿದರೆ ಒಂದು ಸೆಟ್ಟು. ಕೇಳಲು ಎಷ್ಟು ಚೆಂದ! ಹಂಚುವಾಗ ನ್ಯಾಯವಾಗಿ ಹಂಚಿರಿ ಎಂದಷ್ಟೇ ಪತ್ರದಲ್ಲಿ ಬರೆದಿದ್ದರು, ಹೇಗೆ ಎಂದು ಬರೆದಿರಲಿಲ್ಲ. ನಾನು ಹಂಚುವವಳಾದ್ದರಿಂದ ನನ್ನ ಪಾಲು ಬೇಡವೆಂದು ಮೊದಲೇ ಹೇಳಿಬಿಟ್ಟೆ.

ಮೊದಲ ಪೆಟ್ಟಿಗೆಯಲ್ಲಿ ಬರೀ ಗಿಳಿಗಳಿದ್ದವು, ತಂಟೆಯಾಗಲಿಲ್ಲ. ಎರಡನೆಯದರಲ್ಲಿ ಬೇರೆ ಬೇರೆ ಬಂದವು. ಹೆಚ್ಚು ಹೊತ್ತು ಕೂತವರು ಮೊದಲು ಆರಿಸಿಕೊಳ್ಳಲಿ ಎಂದೆ. ಮೆಡಿಕಲ್ ಅಂಗಡಿಯವರು ಬೆಳಿಗ್ಗೆ ಹತ್ತಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಅಂಗಡಿಗೆ ಹೋಗಿ, ಸಂಜೆ ಐದಕ್ಕೆ ಬಂದು ಇನ್ನೊಂದು ಸಹಿ ಮಾಡುತ್ತಿದ್ದರು. ಅವರೇ ಮೊದಲಿಗರಾದರು. ಮೂರನೆಯ ಸಲ ಅರ್ಜಿಗಳ ಲೆಕ್ಕ ಹಿಡಿದೆ. ಎಲ್ಲರೂ ಹತ್ತು ನಿಮಿಷದಲ್ಲಿ ಮುಗಿಯುವ ಅರ್ಜಿಗಳಿಗೆ ಮುಗಿಬಿದ್ದರು, ಮತ್ತು ಚಾಚಾ ಎಲ್ಲರಿಗಿಂತ ಕೊನೆಗೆ ಬಂದರು. ನಾಲ್ಕನೆಯ ಸಲ ಚೀಟಿ ಎತ್ತಿಸಿದೆ. ತೋಟದ ಗಂಡ ಹೆಂಡತಿ ಇಬ್ಬರಿಗೂ ನವಿಲೇ ಬಂತು. ಒಂದೇ ಮನೆಗೆ ಎರಡು ಗೊಂಬೆ ಯಾವ ನ್ಯಾಯ ಎಂದು ಮೆಡಿಕಲ್‌ನವರು ತಕರಾರು ತೆಗೆದರು. ಮನೆ ಒಂದೇ ಆದರೂ ಬರೆಯುವ ಕೈ ಎರಡಲ್ಲವೇ ಎಂದು ಆ ಹೆಣ್ಣುಮಗಳು ಕೇಳಿದಾಗ ನನಗೆ ಅವಳದ್ದೂ ಸರಿ ಕಂಡಿತು, ಇವರದ್ದೂ ಸರಿ ಕಂಡಿತು. ಮನೆಗೆ ಬಂದು ತಲೆನೋವಿನ ಗುಳಿಗೆ ನುಂಗಿದೆ.

ಎಲ್ಲರೂ ಮೇಲುಮೇಲೆ, ನಮಗ್ಯಾಕ್ರಿ ಗೊಂಬಿ, ಮಕ್ಕಳೇನು ನಾವು ಎನ್ನುತ್ತಿದ್ದರು. ತಮ್ಮದು ಬಿಟ್ಟು ಪಕ್ಕದವರದನ್ನೇ ನೋಡುತ್ತಿದ್ದರು. ಬೇಕು ಎಂದು ಬಾಯಿಬಿಟ್ಟು ಹೇಳಿದವರು ಚಾಚಾ ಒಬ್ಬರೇ. ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿದ್ದರು. ಎರಡೆರಡು ಬಂದವರ ಜೊತೆ ಬದಲಾಯಿಸಿಕೊಂಡು ನಾಲ್ಕು ಬಗೆ ಹೊಂದಿಸಿಟ್ಟಿದ್ದರು. ಆನೆ ಮಾತ್ರ ಇನ್ನೂ ಯಾರಿಗೂ ಬಂದಿರಲಿಲ್ಲ. ಮನೆಗೆ ಬಂದವರೆಲ್ಲ ಅದರ ಖಾಲಿ ಜಾಗ ಯಾಕೆಂದು ಕೇಳುತ್ತಾರಂತೆ.

“ನಿವೃತ್ತಿ ದಿನಾ ಒಂದು ಹಾರ ಹಾಕಿದ್ರರಿ, ಅದು ಸಂಜಿಗೇ ಬಾಡಿತು,” ಅಂದರು ಒಮ್ಮೆ. “ಇದು ಹಂಗಲ್ಲ. ನನಗ ಆನಿ ಬೇಕ್ರಿ ಅಕ್ಕೋರ. ಸುಳ್ಳ್ಯಾಕ ಹೇಳ್ಲಿ? ಸಿಗಲಿಲ್ಲಂದ್ರ ಮನಸ್ಸು ಮುರೀತೈತಿ.”

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಕೆಲಸ ಮಾಡುವ ಮನುಷ್ಯ ಗೊಂಬೆಗಾಗಿ ಹೀಗೆ ಬಾಯಿಬಿಡಬೇಕೇ ಎಂದು. ಅದರ ಹಿಂದೆಯೇ ಭಯವೂ ಆಯಿತು. ಈ ಮನುಷ್ಯನ ಮನಸ್ಸು ಮುರಿದರೆ ಕಾಗದದ ಚೀಲ ಹಿಡಿದು ಬರುವ ಮುದುಕಿಯರನ್ನು ನೋಡುವವರು ಯಾರು?

ಐದನೆಯ ಪೆಟ್ಟಿಗೆ ತರಲು ನಾನೇ ಕೊಪ್ಪಳಕ್ಕೆ ಹೋದೆ. ಯೋಜನೆ ಮುಗಿಯಿತು, ಇದೇ ಕೊನೆಯದು ಎಂದರು ಅಲ್ಲಿಯ ಸಾಹೇಬರು. ಆನೆ ದೊಡ್ಡದು, ಅಂಬಾರಿಯ ಬಣ್ಣದ ಕೆಲಸಕ್ಕೆ ದಿನ ಹಿಡಿಯುತ್ತದೆ, ಹಾಗಾಗಿ ತಾಲ್ಲೂಕಿಗೆ ಒಂದೇ ಆನೆ. ಉಳಿದ ತಾಲ್ಲೂಕಿನವರು ಏನು ಮಾಡಿದರೆಂದು ವಿಚಾರಿಸಿದೆ. ಯಲಬುರ್ಗಾದವರು ಜಗಳವೇ ಬೇಡವೆಂದು ಆನೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರಂತೆ. ಗಂಗಾವತಿಯವರು ತಿಂಗಳಿಗೆ ಒಬ್ಬರ ಮನೆಯಂತೆ ತಿರುಗಿಸುತ್ತಿದ್ದಾರಂತೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಷ್ಟಗಿಯವರೆಗೂ ಯೋಚಿಸಿದೆ, ಒಂದೂ ಹೊಳೆಯಲಿಲ್ಲ.

ಗಂಗಾವತಿಯ ಉಪಾಯ ಹೇಳಿದಾಗ ಚಾಚಾ, ಆನೆಯೇನು ಬಾಡಿಗೆ ಸೈಕಲ್ಲೇ ಎಂದು ಕೇಳಿದರು. ಅವರೊಬ್ಬರಿಗೇ ಸೆಟ್ಟು ಪೂರ್ತಿಯಾಗುತ್ತದಲ್ಲ, ಅವರಿಗೇ ಕೊಡೋಣವೇ ಎಂದು ನಾನು ಮೆಲ್ಲಗೆ ಬಾಯಿ ತೆರೆದೆ. ಬೇಕು ಅಂದವರಿಗೆ ಕೊಡುವುದಾದರೆ ನಾವೂ ಬೇಕು ಅನ್ನುತ್ತೇವೆ ಎಂದರು ಮೆಡಿಕಲ್‌ನವರು. ನಾನು ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ.

ಆಗ ಚಾಚಾನೇ ದಾರಿ ಹೇಳಿದರು. ಅವರ ಓಣಿಯಲ್ಲಿ ನಾಲ್ಕಾರು ಮನೆಯವರು ಸೇರಿ ಒಂದು ಆಡು ಕೊಯ್ಯಿಸಿದರೆ ಮಾಂಸವನ್ನು ಗುಡ್ಡೆ ಮಾಡುತ್ತಾರೆ. ಒಬ್ಬರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಇನ್ನೊಬ್ಬರು ಒಂದು ಗುಡ್ಡೆಯ ಮೇಲೆ ಕೈಯಿಟ್ಟು ಇದು ಯಾರದು ಎಂದು ಕೇಳುತ್ತಾರೆ. ನೋಡದೆ ಇರುವವರು ಬಾಯಿಗೆ ಬಂದ ಹೆಸರು ಹೇಳುತ್ತಾರೆ. ಬಂದ ಪಾಲನ್ನು ಮತ್ತೆ ಬದಲಾಯಿಸುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮಾಂಸ ಬಳಸುವುದಿಲ್ಲ, ಹಾಗಾಗಿ ಈ ಪದ್ಧತಿ ನನಗೆ ಹೊಸದು. ಕೇಳಿದೊಡನೆ ಇಷ್ಟವಾಯಿತು. ತೋಟದವರು ತಮ್ಮ ಊರಲ್ಲೂ ಹೀಗೇ ಮಾಡುತ್ತಾರೆಂದರು. ಎಲ್ಲರೂ ಒಪ್ಪಿದರು. ಬೆನ್ನು ತಿರುಗಿಸಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು.

ಗುಡ್ಡೆಗಳೆಲ್ಲ ಸಮ ಇದ್ದಾಗ ಮಾತ್ರ ಈ ಪದ್ಧತಿ ನಡೆಯುತ್ತದೆ ಎಂಬ ಸಣ್ಣ ಮಾತು ಯಾರಿಗೂ ಹೊಳೆಯಲಿಲ್ಲ. ಕಲಿತವಳಾದ ನನಗೂ ಹೊಳೆಯಲಿಲ್ಲ.

ಗುರುವಾರ ಸಂಜೆ ಅರ್ಜಿಯ ಜನ ಹೋದ ಮೇಲೆ ನಾನು ಬೇವಿನ ಮರದ ಕಡೆಗೆ ಮುಖ ಮಾಡಿ ನಿಂತೆ. ಹಿಂದೆ ತಗಡಿನ ಮೇಜು. ಮೆಡಿಕಲ್‌ನವರು ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಇಡಬೇಕು. ಅವರು ಇಡುವುದಕ್ಕಿಂತ ಮೊದಲೇ ಒಂದು ಹೆಸರನ್ನು ನಾನು ಬಾಯಲ್ಲಿ ಸಿದ್ಧವಾಗಿಟ್ಟುಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ಮೋಸಕ್ಕೆ ಜಾಗವೇ ಇರುವುದಿಲ್ಲ ಎಂಬುದು ನನ್ನ ಜಾಣತನ. ಟಕ್ ಎಂದು ಒಂದು ಗೊಂಬೆ ಕೂತಿತು. ತೋಟದ ಹೆಣ್ಣುಮಗಳ ಹೆಸರು ಹೇಳಿದೆ. ಕುದುರೆ ಎಂದು ಯಾರೋ ನಕ್ಕರು. ಮತ್ತೆ ಟಕ್ ಎಂದಿತು. ಮೆಡಿಕಲ್‌ನವರದೇ ಹೆಸರು ಹೇಳಿದೆ, ಅವರಿಗೆ ಎತ್ತು ಬಂತು.

ಮೂರನೆಯದಕ್ಕೆ ಬಾಯಲ್ಲಿ ಇಟ್ಟುಕೊಂಡದ್ದು ಚಾಚಾನ ಹೆಸರು. ಯಾಕೆ ಅವರದೇ ಬಂತೋ ಗೊತ್ತಿಲ್ಲ, ತಾನಾಗಿ ಬಂದಿತ್ತು. ಅಷ್ಟರಲ್ಲಿ ಹಿಂದೆ ಮಾತು ನಿಂತಿತು. ನಗುವವರು ನಗು ನಿಲ್ಲಿಸಿದರು. ಮೇಜಿನ ಮೇಲೆ ಧಪ್ ಎಂದು ಭಾರವಾದದ್ದು ಕೂತಿತು. ಇದು ಯಾರದ್ರಿ ಎಂದು ಕೇಳುವಾಗ ಮೆಡಿಕಲ್‌ನವರ ದನಿಯೇ ಬೇರೆಯಾಗಿತ್ತು. ನೋಡದೇ ಇದ್ದರೂ ಅದು ಆನೆಯೆಂದು ನನಗೆ ತಿಳಿಯಿತು.

ಈಗ ನಾನು ಏನು ಮಾಡಬೇಕಿತ್ತು? ಹೆಸರು ಮೊದಲೇ ಬಂದಿತ್ತು ನಿಜ, ಆದರೆ ಅದು ನನಗೊಬ್ಬಳಿಗೇ ಗೊತ್ತು. ತಿಳಿದ ಮೇಲೆ ಚಾಚಾ ಎಂದರೆ ಪಕ್ಷಪಾತವಲ್ಲವೇ? ಈ ಮನುಷ್ಯನಿಗೆ ಆನೆ ಸಿಗಲಿ ಎಂದು ನಾನು ಒಳಗೊಳಗೇ ಎಷ್ಟು ದಿನ ಬಯಸಿದ್ದೆ! ಆ ಬಯಕೆಗೇ ಹೆದರಿದೆ. ಬಾಯಿಗೆ ಬಂದ ಹೆಸರನ್ನು ನುಂಗಿ ತಾವರಗೇರಾದ ಹುಡುಗಿಯ ಹೆಸರು ಹೇಳಿದೆ. ಹೇಳುವಾಗ, ನೋಡು ನಾನೆಷ್ಟು ನಿಷ್ಠುರ ಎಂಬ ಹೆಮ್ಮೆಯೂ ಚೂರು ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಚಾಚಾನಿಗೆ ಇನ್ನೊಂದು ಕುದುರೆ ಬಂತು. ಉಳಿದ ನವಿಲು ತೋಟದ ಯಜಮಾನರಿಗೆ. ಹುಡುಗಿ ಪಾಪ ಒಳ್ಳೆಯವಳು, ಆನೆಯನ್ನು ಚಾಚಾನ ಮುಂದೆ ಹಿಡಿದಳು. ಬಂದ ಪಾಲು ಬದಲಾಯಿಸುವ ಹಾಗಿಲ್ಲವ್ವ ಎಂದು ಅವರು ಮುಟ್ಟಲೂ ಇಲ್ಲ. ಕುದುರೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಸೋಮವಾರ ಅವರು ಬರುತ್ತಾರೋ ಇಲ್ಲವೋ ಎಂದು ದಾರಿ ನೋಡಿದೆ. ಬಂದರು, ನನಗೆ ಹೋದ ಜೀವ ಬಂದಂತಾಯಿತು. ಎಲ್ಲರೂ ಎದ್ದ ಮೇಲೆ ಬೆಂಚು ಎತ್ತಿಡಲು ನನ್ನ ಜೊತೆ ಅವರೊಬ್ಬರೇ ಉಳಿದರು. ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳತೀನಿ ಅಂದರು.

“ಆನಿ ಇಟ್ಟಾಗ ನಿಮಗ ಗೊತ್ತಾತಲ್ರಿ? ನಾವೆಲ್ಲಾ ನಿಮ್ಮ ಬೆನ್ನ ನೋಡ್ಕೋತ ಕುಂತಿದ್ವಿ. ಅಲ್ಲೀತನಕಾ ಪಟ್ ಪಟ್ ಹೇಳಿದ್ರಿ. ಅದರಾಗ ಮಾತ್ರ ತಡದ್ರಿ.”

ಗೊತ್ತಾಯಿತು ಎಂದೆ.

“ತಡಿಯೂಕಿಂತ ಮದ್ಲ ಯಾರ ಹೆಸರು ಬಂದಿತ್ರಿ ಬಾಯಾಗ?”

ಸುಳ್ಳು ಹೇಳಬಹುದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳ ಬಾಯಿ ಅದು, ನಿಮ್ಮದೇ ಎಂದಿತು. ಯಾಕೆ ನುಂಗಿದೆ ಎಂದೂ ವಿವರಿಸಲು ಹೋದೆ. ಅಲ್ಲಿಯೂ ತೊದಲಿದೆ.

ಚಾಚಾ ಬೆಂಚಿನ ತಮ್ಮ ಕಡೆಯ ತುದಿಯನ್ನು ನೆಲಕ್ಕೆ ಇಳಿಸಿದರು.

“ನಸೀಬಿನಾಗ ಇರಲಿಲ್ಲ ಅಂತ ನಾಕು ದಿನಾ ಸಮಾಧಾನ ಮಾಡ್ಕೊಂಡಿದ್ದೆ,” ಅಂದರು. “ಇತ್ತಲ್ರಿ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾತು. ಹೋಗ್ಲಿ ಬಿಡ್ರಿ. ನ್ಯಾಯ ಅಂದ್ರ ಹಿಂಗಂತ ನನಗ ಗೊತ್ತಿರಲಿಲ್ಲ. ಇನ್ನ ಮ್ಯಾಲೆ ನಾನೂ ಹಂಗ ಇರತೀನಿ.”

ಆ ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ. ಬಿಟ್ಟು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಗುರುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಪಾಳೆಯಲ್ಲಿ ಮುಂದೆ ಯಾರಿದ್ದರೋ ಅವರ ಕಾಗದ ತೆಗೆದುಕೊಂಡರು, ಬರೆದರು, ಮುಂದಿನವರು ಎಂದರು. ಎದ್ದು ಹಿಂದಿನವರೆಗೆ ನಡೆದುಹೋಗಲಿಲ್ಲ. ಅಂದು ಅವರು ಬರೆದ ಅರ್ಜಿಗಳೇ ಎಲ್ಲರಿಗಿಂತ ಹೆಚ್ಚು. ಯಾರೂ ಗೊಣಗಲಿಲ್ಲ. ಎಲ್ಲ ನನ್ನ ಶಾಲೆಯ ಪ್ರಾರ್ಥನೆಯ ಸಾಲಿನಷ್ಟು ನೇರವಾಗಿತ್ತು. ಇದೇ ಸರಿಯಲ್ಲವೇ, ಇದರಲ್ಲಿ ತಪ್ಪು ಹುಡುಕುವುದು ಹೇಗೆ? ನನಗೆ ಇವತ್ತಿಗೂ ತಿಳಿದಿಲ್ಲ.

ಮಧ್ಯಾಹ್ನ ಒಬ್ಬ ಮುದುಕಿ ಚೀಲ ಹಿಡಿದು ಸೀದಾ ಚಾಚಾನ ಬೆಂಚಿಗೆ ಬಂದಳು. ಹಿಂದಿನ ವಾರ ಅವರೇ ಅವಳ ಕಾಗದಗಳನ್ನು ಅರ್ಧ ಹೊಂದಿಸಿ, ಉಳಿದದ್ದು ತೆಗೆದುಕೊಂಡು ಬಾ ಎಂದು ಕಳಿಸಿದ್ದರು. ಚಾಚಾ ಎದ್ದು ನಿಂತು, ಬಹಳ ಮರ್ಯಾದೆಯಿಂದ, ಪಾಳೆಯ ಕೊನೆ ಎಲ್ಲಿದೆಯೆಂದು ತೋರಿಸಿದರು. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನಾನು ಅಲ್ಲಿಯ ದೊಡ್ಡವಳೆಂದು ಯಾರು ಹೇಳಿದರೋ, ನನ್ನ ಹತ್ತಿರ ಬಂದಳು.

“ನಾ ಏನು ತಪ್ಪ ಮಾಡೀನ್ರಿ ಅಕ್ಕೋರ? ನನ್ನ ಯಾಕ ಹಿಂದಕ್ಕ ಕಳಿಸಿದ್ರು?”

ನೀನು ಏನೂ ಮಾಡಿಲ್ಲ ಎಂದು ಹೇಳಿ, ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಒಂದೂ ತಿಳಿಯಲಿಲ್ಲ.