ಲ್ಯಾಪ್‌ಟಾಪಿಗೆ ಥಂಡಿ ಆಗಿತ್ತು

ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಓಣಿಯಲ್ಲೇ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಈಗ ಅದನ್ನು ಮುಚ್ಚಿ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಮಾಡಿದ್ದೇನೆ. ಇಲ್ಲಿಗೆ ಬರುವವರು ಏನು ಕೆಟ್ಟಿದೆ ಎಂದು ಮೊಬೈಲಿನಲ್ಲೇ ಬರೆದು ಕಳಿಸುತ್ತಾರೆ, ಯಂತ್ರ ಇಟ್ಟು ಹೋಗುತ್ತಾರೆ. ಮಾತಿಲ್ಲ, ಕತೆಯಿಲ್ಲ. ಹಳೆಯ ಅಂಗಡಿಯಲ್ಲಿ ಕಂಪ್ಯೂಟರಿನ ರೋಗಕ್ಕಿಂತ ಮೊದಲು ಮನೆಯ ಸಮಾಚಾರ ಕೇಳಬೇಕಿತ್ತು. "ಉಸಿರಾಡವಲ್ದು ನೋಡ್ರಿ" ಎಂದು ಒಬ್ಬರು ಸಿಪಿಯು ತಂದಿಟ್ಟರೆ, "ನಿನ್ನಿಯಿಂದ ನರಳಾಕತ್ತದ್ರಿ" ಎಂದು ಇನ್ನೊಬ್ಬರು. ನಾನು ಡಾಕ್ಟರನಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಆಗ ಬೇಸರ ಬರುತ್ತಿತ್ತು. ಈಗ ಆ ಬೇಸರವೂ ಬೇಕೆನಿಸುತ್ತದೆ.

ನಮ್ಮ ಸುಗ್ಗಿ ಎಂದರೆ ದಸರೆಯ ಮರುದಿನ. ಖಂಡೆಪೂಜೆ ಎಂದರೆ ಆಯುಧಪೂಜೆಯ ದಿನ ನಮ್ಮ ಕಡೆ ಕುಡಗೋಲು, ತಕ್ಕಡಿ, ಮೋಟರ್ ಸೈಕಲ್ಲುಗಳ ಸಾಲಿನಲ್ಲಿ ಕಂಪ್ಯೂಟರನ್ನೂ ಕೂರಿಸುತ್ತಾರೆ. ವಿಭೂತಿ ಬಳಿದು, ಕುಂಕುಮ ಹಚ್ಚಿ, ಹೂವು ಏರಿಸಿ, ಎದುರಿಗೇ ಕಾಯಿ ಒಡೆಯುತ್ತಾರೆ. ಕಾಯಿಯ ನೀರು ಎಲ್ಲಿಗೆ ಸಿಡಿಯಿತೆಂದು ಆ ಭಕ್ತಿಯಲ್ಲಿ ನೋಡುವವರು ಯಾರು? ಹಬ್ಬ ಮುಗಿದ ಮರುದಿನ ನನ್ನ ಮೇಜಿನ ಮೇಲೆ ಎಲ್ಲವೂ ಹಾಜರು. ಫ್ಯಾನಿನೊಳಗೆ ಬನ್ನಿ ಎಲೆ, ಕೀಬೋರ್ಡಿನ ಸಂದಿಯಲ್ಲಿ ಅಕ್ಷತೆ. ಆ ಅಕ್ಕಿಯನ್ನೆಲ್ಲ ಕೂಡಿಸಿದ್ದರೆ ನನ್ನ ಒಂದು ಹೊತ್ತಿನ ಊಟ ನಡೆಯುತ್ತಿತ್ತು.

ಮೊದಮೊದಲು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದೆ. ಒಬ್ಬ ಕಾಳಿನ ವ್ಯಾಪಾರಿಗೆ, "ಕಾಯಿ ನೀರು ಒಳಗ ಹೋಗಿ ಕೆಟ್ಟದರೀ" ಎಂದೆ. "ಅಂದ್ರ ಪೂಜಾ ಮಾಡಿದ್ದು ತಪ್ಪಾತೇನು?" ಎಂದವನೇ ಆತ ಕಂಪ್ಯೂಟರ್ ಎತ್ತಿಕೊಂಡು ಹೋದ, ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಂದಿನಿಂದ ನಾನೊಂದು ಮಾತು ಹುಡುಕಿಕೊಂಡೆ. "ಥಂಡಿ ಆಗ್ಯದರೀ." ಅಷ್ಟೇ. ಇದರಲ್ಲಿ ದೇವರಿಗೂ ದೋಷವಿಲ್ಲ, ಗಿರಾಕಿಗೂ ದೋಷವಿಲ್ಲ. ಕಲಬುರಗಿಯ ಬಿಸಿಲಲ್ಲಿ ನಿಂತು ಥಂಡಿ ಎಂದರೂ ಯಾರೂ ನಗಲಿಲ್ಲ. "ಇರಬಹುದು ತಗೋರಿ" ಎಂದು ಒಪ್ಪಿಕೊಂಡು ಹೋಗುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡಿದ್ದೆ.

ಒಂದು ವರ್ಷ ದಸರೆ ಮುಗಿದ ಮೇಲೆ ಕಮಲಾಪುರದಿಂದ ಒಬ್ಬ ಆಯಿ ತನ್ನ ಮೊಮ್ಮಗಳ ಜೊತೆ ಬಂದಳು. ಹುಡುಗಿ ಯುನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದಳು, ಅವಳು ಬರೆದ ಪ್ರಬಂಧವೆಲ್ಲ ಲ್ಯಾಪ್‌ಟಾಪಿನಲ್ಲಿತ್ತು. ಲ್ಯಾಪ್‌ಟಾಪನ್ನು ಹಳೆಯ ಕೌದಿಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದೆ. ಕಾಯಿ ನೀರು ಒಣಗಿ ಅಂಟಾಗಿ ಕೂತಿತ್ತು, ಆದರೆ ಡಿಸ್ಕಿಗೆ ಏನೂ ಆಗಿರಲಿಲ್ಲ. "ಬರದದ್ದೆಲ್ಲ ಉಳದದವಾ. ತೊಳದು ಕೀಬೋರ್ಡ್ ಬದಲಿ ಮಾಡಿದ್ರ ನಡೀತದ" ಎಂದೆ. ಹುಡುಗಿ ನಿಟ್ಟುಸಿರು ಬಿಟ್ಟಳು. ಆಯಿಯ ಮುಖ ಮಾತ್ರ ಹಾಗೇ ಇತ್ತು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದಳು.

"ಯಾತಕ್ಕ ಕೆಟ್ಟಿತ್ತು ತಮ್ಮಾ?"

ರೂಢಿಯ ಮಾತು ತಾನಾಗಿ ಬಂತು. "ಥಂಡಿ ಆಗ್ಯದ ಆಯಿ."

"ಈ ಬಿಸಲಾಗ ಎಲ್ಲಿ ಥಂಡಿ?" ಎಂದಳು. "ನನ್ನ ಮುಂದ ಮುಚ್ಚಬ್ಯಾಡ. ಇದು ನನ್ನ ಕೈಲೇ ಆಗ್ಯದ."

ನನಗೆ ತಿಳಿಯಲಿಲ್ಲ. ಹುಡುಗಿ ದನಿ ತಗ್ಗಿಸಿ ಹೇಳಿದಳು. "ಮುತ್ತ್ಯಾ ತೀರಿ ಹೋದಾಗಿಂದ ಆಯಿ ಮುಂದ ನಿಂತು ಯಾವ ಪೂಜಾನೂ ಮಾಡಿದ್ದಿಲ್ರಿ. ಈ ಸಲ ನಾನೇ ಹಟ ಹಿಡದೆ, ನನ್ನ ಲ್ಯಾಪ್‌ಟಾಪಿಗೆ ನೀನೇ ಕುಂಕುಮ ಹಚ್ಚು ಅಂತ. ಸಂಜಿಗೆ ಇದು ಬಂದ್ ಬಿತ್ತು. ಆಯಿ ನೆಗೆಣ್ಣಿ, ಮುತ್ತ್ಯಾನ ತಮ್ಮನ ಹೆಂಡತಿ, ನಾಕು ಮಂದಿ ಮುಂದ, ಗಂಡ ಇಲ್ಲದಾಕಿ ಕೈಲೆ ಮಾಡಿಸಿದ್ರ ಹಿಂಗೇ ಆಗ್ತದ ಅಂದಳು. ಅವತ್ತಿನಿಂದ ಆಯಿ ನನ್ನ ತಲಿ ಸೈತ ಹಿಕ್ಕವಲ್ಲಳ್ರೀ. ನನಗ ಕೈ ಹಚ್ಚಾಕ ಹೆದರತಾಳ."

ನನಗೆ ಸಿಟ್ಟು ಬಂತು. ಆ ನೆಗೆಣ್ಣಿಯ ಮೇಲೆ ಎಷ್ಟೋ, ನನ್ನ ಥಂಡಿಯ ಮೇಲೂ ಅಷ್ಟೇ. ನಿಜವಾದ ಕಾರಣವನ್ನು ನಾನು ಮುಚ್ಚಿಟ್ಟರೆ ಆ ಜಾಗದಲ್ಲಿ ಒಬ್ಬ ಮುದುಕಿ ತನ್ನ ಕೈಯನ್ನು ತಂದಿಡಬಹುದೆಂದು ನನಗೆ ಹೊಳೆದಿರಲಿಲ್ಲ. ಬಿಚ್ಚಿದ ಲ್ಯಾಪ್‌ಟಾಪನ್ನು ಆಕೆಯ ಮುಖದ ಹತ್ತಿರ ಹಿಡಿದೆ.

"ಮೂಸಿ ನೋಡ್ರಿ ಆಯಿ."

ಆಕೆ ಅನುಮಾನದಿಂದಲೇ ಬಗ್ಗಿ ಮೂಸಿದಳು. "ಹುಳಿ ನಾತ ಬರ್ತದ. ಕಾಯಿ ನೀರೇನು?"

"ಹೌದ್ರಿ. ಅದೇ ಕೆಡಸ್ಯದ. ಮಠದ ಸ್ವಾಮಿಗಳು ಬಂದು ಪೂಜಾ ಮಾಡಿದ್ರೂ, ನೀರು ಒಳಗ ಹೋದ್ರ ಕೆಡೂದೇ. ಪ್ರತಿ ವರ್ಷ ಇಂಥವು ನನ್ನ ಅಂಗಡಿ ತುಂಬ ಬರ್ತಾವ."

"ಹಂಗಾದ್ರ ನನ್ನ ಕೈಲೆ ಅಲ್ಲ?"

"ಅಲ್ಲ."

ಆಯಿ ಮೊಮ್ಮಗಳ ಕಡೆ ತಿರುಗಿ, "ಫೋನ್ ಹಚ್ಚು ಆಕಿಗೆ" ಎಂದಳು. ಯಾರಿಗೆ ಎಂದು ಯಾರೂ ಕೇಳಬೇಕಿರಲಿಲ್ಲ. ಫೋನು ನೇರ ನನ್ನ ಕೈಗೆ ಬಂತು. "ನಾ ಹೇಳಿದ್ರ ನಂಬಂಗಿಲ್ಲ. ನೀನೇ ಹೇಳು ತಮ್ಮಾ."

ಗಿರಾಕಿಯ ಮನಸ್ಸು ನೋಯದಿರಲಿ ಎಂದು ವರ್ಷಗಟ್ಟಲೆ ಥಂಡಿ ಥಂಡಿ ಎಂದು ಪಿಸುಗುಟ್ಟಿದವನು ನಾನು. ಅಂದು ಇಡೀ ಓಣಿಗೆ ಕೇಳುವಂತೆ ಹೇಳಿದೆ. "ನೋಡ್ರಿ, ನಾ ರಿಪೇರಿ ಅಂಗಡಿಯಿಂದ ಮಾತಾಡಾಕತ್ತೀನಿ. ಲ್ಯಾಪ್‌ಟಾಪ್ ಕೆಟ್ಟದ್ದು ಕಾಯಿ ನೀರಿಲೆ. ಕುಂಕುಮ ಹಚ್ಚಿದ್ದಕ್ಕಲ್ಲ. ಯಾರೋ ಅದರ ಮಗ್ಗಲಕ್ಕೇ ಕಾಯಿ ಒಡದಾರ."

ಹುಡುಗಿ ಬಾಯಿಗೆ ಓಢಣಿ ಒತ್ತಿಕೊಂಡು ನಗು ತಡೆಯುತ್ತಿದ್ದಳು. "ಕಾಯಿ ಒಡದಾವ ಆಕಿ ಗಂಡನೇ ಇದ್ದಾನ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಇನ್ನು ಆಯಿ ಸುಮ್ಮನೆ ಬಿಡುವುದಿಲ್ಲ, ಬಡ್ಡಿ ಸಮೇತ ತೀರಿಸುತ್ತಾಳೆ ಎಂದುಕೊಂಡೆ. ಆಕೆ ಸೆರಗಿನಿಂದ ಕೈ ಹೊರಗೆ ತೆಗೆದು ಫೋನು ಇಸಿದುಕೊಂಡಳು.

"ಕೇಳಿದೇನವಾ?" ಎಂದಳು. "ನಿನ್ನ ಗಂಡಗ ಏನೂ ಅನಬ್ಯಾಡ ಮತ್ತ. ಯಾರ ಕೈ ಅಂತ ನೀರಿಗೇನು ಗೊತ್ತಿರ್ತದ."