ಎಡಭುಜದ ಜಾಕೆಟ್ಟು

ಸಗಟು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಯಂತ್ರದ ಹಿಂದೆ ಚಿಕ್ಕಮ್ಮ. ಯಾರ ಚಿಕ್ಕಮ್ಮ ಎಂದು ಕೇಳಬೇಡಿ. ಅವಳ ಅಕ್ಕನ ಮಗ ಚಿಕ್ಕಂದಿನಲ್ಲಿ ಹಾಗೆ ಕೂಗುತ್ತಿದ್ದ, ಓಣಿಯೆಲ್ಲ ಅದನ್ನೇ ಹಿಡಿದುಕೊಂಡಿತು. ಈಗ ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಚಿಕ್ಕಮ್ಮನೇ.

ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಮೂಟೆ ಹೊರುವವರ ಜಾಕೆಟ್ಟಿಗೆ ಭುಜದ ಮೇಲೆ ತೇಪೆ ಹಾಕುವುದು ಅವಳ ಕಸುಬು. ಮೂಟೆ ಕೂರುವ ಜಾಗ ತಾನೇ ಮೊದಲು ಸವೆಯುವುದು? ಅಲ್ಲಿಗೆ ಲಾರಿಯ ಹಳೇ ಟಾರ್ಪಾಲು ಎರಡು ಪದರ, ಸುತ್ತಲೂ ಕಿತ್ತಳೆ ದಾರದ ಮೂರು ಸಾಲು ಹೊಲಿಗೆ. ಕಿತ್ತಳೆ ಯಾಕೆಂದರೆ, ಮುಚ್ಚಿಹೋದ ಚೀಲದ ಕಾರ್ಖಾನೆಯೊಂದರಿಂದ ಆ ದಾರದ ಉಂಡೆಗಳು ಬೇಕಾದಷ್ಟು ಸಿಕ್ಕಿದ್ದವು. ಹನ್ನೆರಡು ವರ್ಷವಾದರೂ ಮುಗಿದಿಲ್ಲ. ಜಾಕೆಟ್ಟು ತಂದವನನ್ನು ಯಾವ ಭುಜ ಎಂದು ಅವಳು ಕೇಳುವುದಿಲ್ಲ. ಮೂಲೆಯ ಚಿಂದಿಮೂಟೆ ತೋರಿಸಿ ಎತ್ತು ಅನ್ನುತ್ತಾಳೆ. ಅದು ಯಾವ ಕಡೆ ಹೋಗಿ ಕೂರುತ್ತದೋ ಆ ಕಡೆ ಸೀಮೆಸುಣ್ಣದ ಗೀಟು. ಬಾಯಿಬಿಟ್ಟು ಕೇಳಿದರೆ ಅರ್ಧ ಜನ ಯೋಚನೆ ಮಾಡುತ್ತಾ ನಿಂತುಬಿಡುತ್ತಾರಂತೆ.

ಮಾರುಕಟ್ಟೆಯಲ್ಲಿ ಎಲ್ಲರದ್ದೂ ಬಲಭುಜ. ಒಬ್ಬನದ್ದು ಮಾತ್ರ ಎಡ. ಅವನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಾರೆ.

ಇನ್ನು ಆ ಅಕ್ಕನ ಮಗ. ಇದೇ ಯಂತ್ರದ ಕಾಲಬುಡದಲ್ಲಿ ಬಾಬಿನ್ ಉರುಳಿಸಿಕೊಂಡು ಬೆಳೆದವನು, ಈಗ ದೊಡ್ಡ ರಸ್ತೆಯಲ್ಲಿ ಗಾಜಿನ ಗೋಡೆಯ ಬಟ್ಟೆಯಂಗಡಿ ಇಟ್ಟಿದ್ದಾನೆ. ಬಟ್ಟೆಯಂಗಡಿ ಅನ್ನಬೇಕು ಅಷ್ಟೆ. ಅಷ್ಟುದ್ದದ ಕೋಣೆಗೆ ಹನ್ನೊಂದು ಜಾಕೆಟ್ಟು, ಒಂದೊಂದರ ತಲೆಯ ಮೇಲೂ ಒಂದೊಂದು ದೀಪ. ತಿಂಗಳಿಗೊಮ್ಮೆ ಡ್ರಾಪ್ ಅಂತ ಮಾಡುತ್ತಾನೆ. ಇಂತಿಷ್ಟೇ ಪೀಸು, ಟೋಕನ್ ಇದ್ದವರಿಗೆ ಮಾತ್ರ, ಮುಗಿದರೆ ಮುಗಿಯಿತು, ಮತ್ತೆ ಈ ಜನ್ಮದಲ್ಲಿ ಹೊಲಿಯುವುದಿಲ್ಲ. ಸಿಗುವುದಿಲ್ಲ ಅಂದಷ್ಟೂ ಹುಡುಗ ಹುಡುಗಿಯರಿಗೆ ಬೇಕೇಬೇಕು; ಮುಂಜಾನೆಯೇ ಬಂದು ಸಾಲುಗಟ್ಟುತ್ತಾರೆ.

ಈ ಸಲ ಅವನ ಕಣ್ಣು ಬಿದ್ದದ್ದು ಚಿಕ್ಕಮ್ಮನ ತೇಪೆಯ ಮೇಲೆ. ಐವತ್ತು ಹೊಸ ಜಾಕೆಟ್ಟು ತಂದು ಸುರಿದು, ಎಲ್ಲಕ್ಕೂ ಬಲಭುಜಕ್ಕೆ ಹಾಕಿಕೊಡು ಅಂದ. ಹರಿಯದ ಬಟ್ಟೆಗೆ ತೇಪೆ ಯಾಕಪ್ಪಾ ಅಂದದ್ದಕ್ಕೆ, ಅದೆಲ್ಲ ನಿಂಗೆ ಗೊತ್ತಾಗಲ್ಲ ಅಂದ. ಹೌದು, ಅವಳಿಗೆ ಗೊತ್ತಾಗಲಿಲ್ಲ. ಹಾಕಿಕೊಟ್ಟಳು.

ಪ್ರಮಾದವಾದದ್ದು ಗಂಟು ಕಟ್ಟುವಾಗ. ಎಡಚನ ಹಳೇ ಜಾಕೆಟ್ಟೂ ಅಲ್ಲೇ ಮೇಜಿನ ಮೇಲಿತ್ತು, ತೇಪೆ ಮುಗಿಸಿಕೊಂಡು. ಐವತ್ತರ ಜೊತೆ ಅದೂ ಗಂಟಿನೊಳಗೆ ಹೋಯಿತು. ಅವಳೇ ಕಟ್ಟಿದ ಗಂಟು. ಬೇರೆಯವರ ತಲೆಗೆ ಕಟ್ಟುವಂತಿರಲಿಲ್ಲ.

ಎಡಚನಿಗೆ ಇದ್ದದ್ದು ಅದೊಂದೇ. ಬರೀ ಅಂಗಿಯಲ್ಲಿ ಎರಡು ದಿನ ಸಿಮೆಂಟು ಹೊತ್ತು ಅವನ ಭುಜದ ಚರ್ಮ ಸುಲಿದಿತ್ತು. ಪರವಾಗಿಲ್ಲ ಚಿಕ್ಕಮ್ಮ, ಸಿಕ್ಕಿದಾಗ ಕೊಡು ಅಂದು ಹೋದ. ನಾಲ್ಕು ಬೈದು ಹೋಗಿದ್ದರೆ ಅವಳಿಗೆ ಆ ದಿನ ಊಟವಾದರೂ ಸೇರುತ್ತಿತ್ತು.

ಎಡಚನ ಜಾಕೆಟ್ಟು ವಾಪಸ್ ಕೊಡು ಎಂದು ಅಕ್ಕನ ಮಗನಿಗೆ ಫೋನು ಮಾಡಿದಳು. ಅವನು ಖುಷಿಯಲ್ಲಿ ಕುಣಿಯುತ್ತಿದ್ದ. ಆ ಪೀಸಿನ ಫೋಟೋ ಊರೆಲ್ಲ ನೋಡಿಯಾಗಿದೆಯಂತೆ. ಸವೆದ ಕಾಲರು, ಎಡಭುಜದ ತೇಪೆ, ಪ್ರಪಂಚಕ್ಕೆಲ್ಲ ಒಂದೇ ಒಂದು ಅಂತ ಸಾರಿಬಿಟ್ಟಿದ್ದಾನಂತೆ. ಎಡಚನಿಗೆ ಬೇಕಾದರೆ ಹೊಸದೇ ಎರಡು ಕೊಡ್ತೀನಿ ಅಂದ. ಸರಿ, ಹಾಗಾದರೆ ಎಡಕ್ಕೆ ತೇಪೆ ಹಾಕಿಕೊಡುತ್ತೇನೆ ಅಂದಳು ಇವಳು.

"ಅದು ಮಾತ್ರ ಬೇಡ ಚಿಕ್ಕಮ್ಮ. ಇನ್ಮೇಲೆ ಎಡಕ್ಕೆ ಯಾರಿಗೂ ಹಾಕ್ಬೇಡ. ಒಂದೇ ಅಂತ ಹೇಳಿದೀವಲ್ಲ."

"ಮತ್ತೆ ಅವನು?"

"ಬಲಕ್ಕೆ ಹೊತ್ಕೊಳ್ಲಿ."

ಚಿಕ್ಕಮ್ಮ ಫೋನಿಟ್ಟು ಚಪ್ಪಲಿ ಮೆಟ್ಟಿದಳು.

ಅಂಗಡಿಯ ಮುಂದೆ ಸಾಲು ಮೂಲೆ ತಿರುಗಿತ್ತು. ಬಾಗಿಲು ಕಾಯುವವನು ಕೈ ಅಡ್ಡ ಹಿಡಿದು ಟೋಕನ್ ಕೇಳಿದ. ಸೂಜಿ ಇದೆ, ಚುಚ್ಚಲಾ ಅಂದಳು. ಕೈ ತಾನಾಗಿಯೇ ಇಳಿಯಿತು. ಒಳಗೆ ಅಕ್ಕನ ಮಗ ಗಿರಾಕಿಗಳ ಎದುರು ಮುಖ ಬಿಗಿದುಕೊಂಡು, "ಏನ್ ಬೇಕಿತ್ತು ಮೇಡಂ?" ಅಂದ.

"ಮೇಡಮ್ಮಾ? ನಿನ್ನ ಮೂಗು ಒರೆಸಿದವಳು ಯಾವ ಮೇಡಂ ಕಣೋ?"

ನಕ್ಕವರನ್ನೂ ಲೆಕ್ಕಿಸದೆ ನೇರ ಹೋಗಿ, ದೀಪದ ಕೆಳಗಿದ್ದ ಎಡಚನ ಜಾಕೆಟ್ಟು ಇಳಿಸಿ ಮೈಮೇಲೆ ಹಾಕಿಕೊಂಡಳು. ಮೊಣಕಾಲಿನವರೆಗೆ ಬಂತು. ಸಾಲಿನ ಮುಂದಿದ್ದ ಹುಡುಗ, ಕತ್ತಲಿದ್ದಾಗಿಂದ ಕಾಯ್ತಿದೀನಿ ಆಂಟಿ ಅಂತ ಗೋಗರೆದ. ಇದರ ಯಜಮಾನ ಎರಡು ದಿನದಿಂದ ಭುಜ ಸುಲಿಸಿಕೊಂಡು ಕಾಯ್ತಿದಾನೆ ಮಗಾ ಅಂದಳು.

ಅಕ್ಕನ ಮಗ ಹತ್ತಿರ ಬಂದು ಪಿಸುಗುಟ್ಟಿದ. "ಚಿಕ್ಕಮ್ಮ, ಮರ್ಯಾದೆ ಕಳೀಬೇಡ. ತೆಗೆದಿಡು. ಇಲ್ದಿದ್ರೆ ನಿಂಗೆ ಇನ್ನೊಂದು ಪೀಸೂ ಕಳ್ಸಲ್ಲ."

ಅವಳಿಗೆ ಪಿಸುಗುಟ್ಟಿ ಅಭ್ಯಾಸವಿಲ್ಲ. ಯಂತ್ರದ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು.

"ಕಳಿಸ್ಬೇಡ. ಹರಿದ ಬಟ್ಟೆಯೇ ನಂಗೆ ಬೇಕಾದಷ್ಟಿದೆ. ಆದ್ರೆ ಯಾರ ಭುಜಕ್ಕೆ ಹಾಕ್ಬೇಕು, ಯಾರಿಗೆ ಹಾಕ್ಬಾರ್ದು ಅಂತ ನೀನು ಹೇಳ್ಬೇಡ."

ಹೊರಗೆ ಬಂದು ಸಾಲಿನ ಉದ್ದಕ್ಕೂ ನಡೆದಳು. ಎಡಕ್ಕೆ ತೇಪೆ ಬೇಕಾದವರು ಮಾರುಕಟ್ಟೆ ಹಿಂದಿನ ಓಣಿಗೆ ಬನ್ನಿ, ಎಷ್ಟು ಜನ ಬಂದರೂ ಹಾಕಿಕೊಡುತ್ತೇನೆ ಎಂದು ಕೂಗಿ ಕೂಗಿ ಹೇಳಿದಳು. ಪ್ರಪಂಚಕ್ಕೆಲ್ಲ ಒಂದೇ ಒಂದು ಅನ್ನುವುದು ಆ ಸಾಲಿನ ಕೊನೆ ಮುಟ್ಟುವುದರೊಳಗೆ ಮುಗಿದುಹೋಯಿತು.

ಎಡಚ ಮಾರುಕಟ್ಟೆಯಲ್ಲಿ ಲಾರಿಯ ಹತ್ತಿರವಿದ್ದ. ಅವಳು ಬಿಚ್ಚಿಕೊಟ್ಟ ಜಾಕೆಟ್ಟು ತೊಟ್ಟು ಕಾಲರು ಮೂಸಿ ಮುಖ ಸಿಂಡರಿಸಿದ. ಅಂಗಡಿಯವರು ಸೆಂಟು ಹೊಡೆದಿದ್ದರು. ಮದುಮಗನ ವಾಸನೆ ಬರ್ತಿದೆಯಲ್ಲ ಚಿಕ್ಕಮ್ಮ, ಮನೇಲಿ ಏನಂತ ಹೇಳ್ಲಿ ಅಂದ. ಎರಡು ಲೋಡು ಇಳಿಸು, ಹೋಗುತ್ತೆ ಅಂದಳು. ಅವನು ಬಗ್ಗಿದ, ಮೂಟೆ ಎಡಕ್ಕೆ ಹೋಗಿ ಕೂತಿತು.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿದ್ದ ಇಬ್ಬರು ಓಣಿ ಹುಡುಕಿಕೊಂಡು ಬಂದರು. ಮೇಜಿನ ಮೇಲೆ ಅವಳ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಅಕ್ಕನ ಮಗನ ಕರೆ. ಚಿಕ್ಕಮ್ಮ ಅದರ ಮೇಲೊಂದು ಟಾರ್ಪಾಲಿನ ತುಂಡು ಎಸೆದು, ಬಂದವರ ಜಾಕೆಟ್ಟು ಎಳೆದುಕೊಂಡು ಪೆಡಲು ತುಳಿದಳು.